ಮೀನು ಗುರುತಿನ ಕಲ್ಲು

ಹೊನ್ನಾಳಿ ದಾಟಿ ಹೊಳೆ ಎರಡಾಗಿ ಸೀಳುವಲ್ಲಿ
ಬಂಡೆಯ ಬೆನ್ನ ಮೇಲೆ ಒಂದು ಕೋಟೆ.
ಇಲಾಖೆಯ ಪಟ್ಟಿಯಲ್ಲಿ ಹೆಸರಿಲ್ಲ, ಬರೀ ನಂಬರು.
ನನ್ನ ಚೀಲದಲ್ಲಿ ಮೂವತ್ತು ಮೀಟರ್ ಟೇಪು,
ಎರಡು ಪೆನ್ಸಿಲ್ಲು, ರೊಟ್ಟಿ, ಕೆಂಪು ಚಟ್ನಿ.

ಹರಿಗೋಲು ಅಂಬಿಗರ ಹೊನ್ನೂರಪ್ಪನದು.
ಗಿರ್ರನೆ ಒಂದು ಸುತ್ತು ತಿರುಗಿಸಿ ಹೇಳಿದ:
'ಗಾಜನೂರಾಗ ಬಾಗ್ಲು ತೆಗೆದ್ರೆ
ನಿಮ್ಮ ಲೆಕ್ಕ ಅರ್ಧಕ್ಕೇ ಬಿಡಬೇಕಾಗತೈತಿ ಸಾರ್.'

ಮೊದಲು ಕಂಡದ್ದು ತೆಂಕಣ ಮೂಗು:
ಹೊಳೆ ಬರುವ ಕಡೆಗೆ ಚೂಪಾಗಿ ನಿಂತ ಕೊತ್ತಳ,
ನೇಗಿಲ ಗುಳದ ಹಾಗೆ.
ಎಡಕ್ಕೊಂದು ಪಾಲು, ಬಲಕ್ಕೊಂದು ಪಾಲು
ನೀರು ಹಂಚುತ್ತಲೇ ಇದೆ,
ಕೇಳುವ ದಾಯಾದಿಗಳು ಯಾರೂ ಉಳಿಯದಿದ್ದರೂ.

ಕೆಳಗೆ ಗಾರೆಯಿಲ್ಲದ ಕಲ್ಲು, ಕಲ್ಲಿಗೆ ಕಲ್ಲೇ ಜಾಮೀನು.
ಮೇಲೆ ಇಟ್ಟಿಗೆ, ಸುಣ್ಣ, ಬೆಲ್ಲದ ನೀರು.
ಇರುವೆಗಳಿಗೆ ಈಗಲೂ ನೆನಪಿರಬೇಕು,
ತೆನೆಗಳ ಸಂದಿಯಲ್ಲಿ ಸಾಲುಗಟ್ಟಿವೆ.

ಬಾಗಿಲಿಗೆ ಎರಡು ತಿರುವು,
ಆನೆ ಓಡಿಬಂದು ಗುದ್ದಬಾರದೆಂದು.
ಸುತ್ತ ಹೊಳೆ; ಆನೆ ಎಲ್ಲಿಂದ ಓಡಿಬರಬೇಕು?
ಕಟ್ಟಿದವನ ಕೈರೂಢಿ ಇರಬೇಕು,
ಬಯಲಲ್ಲಿ ಕಟ್ಟಿ ಕಟ್ಟಿ ಬಂದವನು,
ನೀರ ನಡುವೆಯೂ ಧೂಳೆಬ್ಬಿಸುವ ಹಗೆಯನ್ನೇ ಕಾದವನು.
ಬರೆದುಕೊಂಡೆ: ತಿರುವು ಎರಡು, ಅಗಲ ಎರಡೂಮುಕ್ಕಾಲು ಮೀಟರ್.
ಆನೆಯ ವಿಷಯಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ.

'ಯಾರು ಕಟ್ಟಿದ್ದು?'
'ಈ ದಡದಾಗ ಕೇಳಿದ್ರೆ ಪಾಳೇಗಾರ,
ಆ ದಡದಾಗ ಕೇಳಿದ್ರೆ ದರೋಡೆಕಾರ.
ಇಬ್ರೂ ಅನ್ನೋದು ಒಬ್ಬನ್ನೇ.
ಹತ್ತಿ ಹೇರಿದ ಹರಿಗೋಲಿಗೆ ಸುಂಕ ಹಾಕ್ತಿದ್ನಂತ.
ನಮ್ಮ ಹಿರೇರು ಕತ್ತಲಾಗ ಹುಟ್ಟು ಎತ್ತಿ ಹಿಡಿದು
ಸುಮ್ಮನೆ ತೇಲಿ ದಾಟ್ತಿದ್ರಂತ,
ಕೆಮ್ಮು ಬಂದ್ರೆ ನೀರಿಗೆ ಮಖ ಅದ್ದಿ.'

'ಬಿದ್ದದ್ದು ಯಾವ ಯುದ್ಧದಲ್ಲಿ?'
ಗುಂಡು ತಾಗಿದ ಗುರುತು ಹುಡುಕುತ್ತಿದ್ದೆ ನಾನು.
'ಯುದ್ಧ ಎಲ್ಲೀದು? ಸಂಬಳ ಬರಲಿಲ್ಲ.
ಒಂದು ಸುಗ್ಗಿ ಕಾದ್ರು, ಎರಡು ಸುಗ್ಗಿ ಕಾದ್ರು,
ಬಾಗ್ಲಿಗೆ ಅಗಳಿ ಹಾಕ್ಕೊಂಡು ಹೋದ್ರು.'

ಮದ್ದಿನ ಮನೆ ಈಗ ಗೂಬೆಯದು.
ಕಣಜಕ್ಕೆ ಬಾಯಿ ಕಿರಿದು, ಹೊಟ್ಟೆ ಅಗಲ; ಒಳಗೆ ಕಪ್ಪೆಗಳು.
ಮತ್ತೆ ಒಂದು ಬಾವಿ. ಹೊಳೆಯ ನಡುವೆ ಬಾವಿ!
ಯಾರನ್ನೂ ನಂಬದವನು ಹೊಳೆಯನ್ನೂ ನಂಬಲಿಲ್ಲ.
ಇಣುಕಿದೆ: ಆಳದಲ್ಲಿ ಅದೇ ತುಂಗಭದ್ರೆ,
ಕದ್ದು ಒಳಗೆ ಬಂದು ಕೂತವಳ ಹಾಗೆ.

ಮಧ್ಯಾಹ್ನಕ್ಕೆ ಲೆಕ್ಕ ತಪ್ಪಿತು.
ಬಡಗಣ ಗೋಡೆ ಇರಬೇಕಾದಲ್ಲಿ ಜಾಲಿ.
ಉರುಳಿದ ಗೋಡೆಯಾದರೆ ಬುಡದಲ್ಲಿ ರಾಶಿ ಬೇಕು,
ರಾಶಿಯಿಲ್ಲ, ಚೂರೂ ಇಲ್ಲ.
ಉಳಿದ ಕಲ್ಲುಗಳ ಮೂಲೆಯಲ್ಲಿ ಹೆಬ್ಬೆರಳಷ್ಟು ಒಂದು ಮೀನು,
ಯಾವನೋ ಕಲ್ಲುಕುಟಿಗನ ಗುರುತು, ಕೂಲಿ ಎಣಿಸಲು.
ಹೊನ್ನೂರಪ್ಪ ಬೀಡಿ ಹಚ್ಚಿ ಆಚೆ ನೋಡಿದ.

ಸಂಜೆ, ದಡ. ಹರಿಗೋಲು ಕಟ್ಟಿದ ಗೂಟಗಲ್ಲಿನಲ್ಲಿ ಮೀನು.
ಶಾಲೆಯ ಮೂರನೇ ಮೆಟ್ಟಿಲಲ್ಲಿ
ಮಕ್ಕಳ ಕಾಲಿಗೆ ಸವೆದು ಬಾಲವಷ್ಟೇ.
ಕೊಟ್ಟಿಗೆಯಲ್ಲಿ, ಎಮ್ಮೆಯ ಗಂಜಲಕ್ಕೆ ಹಸಿರಾಗಿ;
ಮಸೀದಿಯ ಕೊಳದ ಕಟ್ಟೆಯಲ್ಲಿ ಜೋಡಿಯಾಗಿ;
ಬಸವಣ್ಣನ ಗುಡಿಯ ಹೊಸ್ತಿಲಲ್ಲಿ, ಕಣ್ಣಿಗೆ ಅರಿಶಿನ ಮೆತ್ತಿಕೊಂಡು.
'ಬ್ಯಾಸಗ್ಯಾಗ ಹೊಳೆ ಇಳಿದಾಗ ಬಂಡಿ ಹೂಡ್ತಿದ್ರು ಸಾರ್.
ನಮ್ಮಜ್ಜಾನೂ...' ಅಂದು ನಿಲ್ಲಿಸಿದ.

ಟೇಪು ಹಿಡಿದು ಓಣಿ ಓಣಿ ಅಲೆದೆ.
ನಾಯಿಗಳು ಹಿಂದೆ, ಹುಡುಗರು ಮುಂದೆ,
'ಇಲ್ಲೈತಿ! ಇಲ್ಲೊಂದೈತಿ!'
ಬಡಗಣ ಗೋಡೆ ಒಂದೊಂದೇ ಸಿಕ್ಕತೊಡಗಿತು.

ಕೊನೆಯ ಮನೆಯ ಹಿತ್ತಲಲ್ಲಿ ಪ್ಯಾರೂಬಿ ಬಟ್ಟೆ ಒಗೆಯುತ್ತಿದ್ದಳು.
ನೊರೆ ಸರಿದಾಗ ಕಲ್ಲಂಚಿನಲ್ಲಿ
ಈಗಷ್ಟೇ ಬಲೆಗೆ ಬಿದ್ದಂಥ ಮೀನು.
'ಸ್ವಲ್ಪ ಸರೀತೀರಾ, ಅಳತೆ ತಗೋಬೇಕು.'
ಸರಿದಳು. ಉದ್ದ, ಅಗಲ, ದಪ್ಪ.
'ವಾಪಸ್ ಒಯ್ತಾರೇನ್ರಿ ಇದನ್ನ?'
ನಾನು ಪೆನ್ಸಿಲ್ಲಿನ ತುದಿ ನೋಡಿದೆ.
ನಮೂನೆಯ ಕೊನೆಯ ಸಾಲು: ಸ್ಮಾರಕದ ಸದ್ಯದ ಸ್ಥಿತಿ.

ಉತ್ತರಕ್ಕೆ ಕಾಯದೆ ಅವಳು
ಗಂಡನ ಖಾಕಿ ಅಂಗಿಯನ್ನು ಎತ್ತಿ
ಕಲ್ಲಿಗೆ ಬಡಿದಳು.
ನನ್ನ ಹಾಳೆಯ ಮೇಲೆ ನಾಲ್ಕು ಹನಿ,
ಸರಿಯಾಗಿ
ಬಡಗಣ ಗೋಡೆ ಬರೆಯಬೇಕಿದ್ದ ಜಾಗಕ್ಕೆ.